ಮೂರು ಸಾಲಿನ ಪೆಟ್ಟಿಗೆ

ಸತ್ತವರ ಪೆಟ್ಟಿಗೆ ತೆರೆದು ಅದರೊಳಗಿನ ಉಪಕರಣಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿದರೆ ಕೇಳುವವರು ಸ್ವಲ್ಪ ಹಿಂದೆ ಸರಿಯುತ್ತಾರೆ. ಆದರೆ ಕೆಲಸ ಅದೇ. ಫಿಟ್ಟರು, ಟರ್ನರು, ಆಯಿಲ್ ಎಂಜಿನ್ ರಿಪೇರಿಯವರು, ಬಸ್ ಗ್ಯಾರೇಜಿನವರು ತೀರಿಕೊಂಡ ಮೇಲೆ ಅವರ ಮನೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆಯೋ ಗೋಣಿಚೀಲವೋ ಉಳಿಯುತ್ತಿತ್ತು. ಒಳಗೆ ಏನಿದೆ, ಯಾವುದು ಯಾತಕ್ಕೆ ಎಂದು ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಗುಜರಿಯವನು ಬಂದು ತಕ್ಕಡಿಗೆ ಹಾಕುತ್ತೇನೆ ಎನ್ನುತ್ತಿದ್ದ. ಅವನು ಬರುವುದಕ್ಕೆ ಮುಂಚೆ ಯಾರಾದರೂ ನೋಡಿ ಹೇಳಬೇಕಿತ್ತು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕಡೆ ಆ ಕೆಲಸ ಹೇಗೋ ನನ್ನ ಪಾಲಿಗೆ ಬಂತು.

ಸುಮಾ, ನೀನು ಮತ್ತು ನಿನ್ನ ತಮ್ಮ ಸೇರಿ ಹಳೆಯ ಯಂತ್ರ, ಉಪಕರಣ ಕೊಂಡು ಮಾರುವ ಅಂಗಡಿ ಇಡುತ್ತೀರಿ ಎಂದು ನಿಮ್ಮಪ್ಪ ಹೇಳಿದ. ಏನಾದರೂ ಹೇಳಿಕೊಡಿ ಅಜ್ಜಿ ಎಂದು ನೀನೂ ಕೇಳಿದೆ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ಈಗಲೂ ಕಷ್ಟ. ಬರೆಯುವುದಾದರೆ ಬರೆದೇನು. ನಾನು ಓದಿದ್ದು ಕೊರಟಗೆರೆ ಹತ್ತಿರದ ನಮ್ಮೂರ ಶಾಲೆಯಲ್ಲಿ, ನಾಲ್ಕನೆಯ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ತಾತ ಆಯಿಲ್ ಎಂಜಿನ್ ಫಿಟ್ಟರ್. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿತು, ಮಧುಗಿರಿಯಲ್ಲಿ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ರಿಪೇರಿ ಇಟ್ಟುಕೊಂಡರು. ಎಂಜಿನ್ನಿನ ಅಡಿಗೆ ಮಲಗಿಕೊಂಡು ಅವರು ಕೈ ಚಾಚಿದರೆ ನಾನು ಬೇಕಾದದ್ದನ್ನು ಕೊಡಬೇಕು. ಸ್ಪಾನರಿನ ಮೇಲಿನ ಅಂಕಿ ಓದಲು ಬರಬೇಕೆಂದು ಇಂಗ್ಲಿಷ್ ಅಂಕಿ, ಅಕ್ಷರ ಕಲಿಸಿದರು. ತಪ್ಪು ಕೊಟ್ಟರೆ ಬಯ್ಯುತ್ತಿರಲಿಲ್ಲ; ಅದನ್ನೇ ಹಿಡಿದುಕೊಂಡು ಸುಮ್ಮನೆ ಮಲಗಿರುತ್ತಿದ್ದರು. ನಾನೇ ನೋಡಿ ಬದಲಾಯಿಸಿ ಕೊಡಬೇಕು. ಹೀಗೆ ಉಪಕರಣಗಳ ಹೆಸರು, ಅವುಗಳ ಕೆಲಸ ಎರಡೂ ನನಗೆ ಗೊತ್ತಾದವು.

ಅವರು ಜ್ವರದಲ್ಲಿ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ. ತಿಂಗಳೊಳಗೆ ಗುಜರಿಯವನು ಬಂದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವಯ್ಯ, ಅಂದರೆ ನಿಮ್ಮ ತಾತನ ತಂದೆ, ಜಗುಲಿಯಲ್ಲಿ ಕೂತಿದ್ದರು. ಅವರು ಹಳ್ಳಿಯ ಕುಲುಮೆಯಲ್ಲಿ ನೇಗಿಲ ಗುಳ ಹೊಡೆದು ಬದುಕಿದವರು. ಮಗನ ವಿಲಾಯತಿ ಸಾಮಾನು ಅವರಿಗೂ ಅಷ್ಟಾಗಿ ತಿಳಿಯದು. ಗುಜರಿಯವನು ಸ್ಪಾನರು, ತೂತು ಹಿಗ್ಗಿಸುವ ರೀಮರು, ಪುಟ್ಟ ಡಬ್ಬಿಯಲ್ಲಿದ್ದ ಮೈಕ್ರೋಮೀಟರು ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಲು ಹೋದ. ನಾನು ಒಳಗಿನಿಂದಲೇ, "ಮಾವಯ್ಯ, ಆ ಪುಟ್ಟ ಡಬ್ಬಿ ತೂಕಕ್ಕೆ ಬೇಡ" ಎಂದೆ.

"ಯಾಕಮ್ಮ?"

"ಅದು ಕೂದಲೆಳೆ ಅಳೆಯೋದು. ತೂಕದಲ್ಲಿ ಒಂದು ಹಿಡಿ ಕಡಲೆಕಾಯಿಯಷ್ಟೂ ಬರಲ್ಲ."

ಗುಜರಿಯವನು ನಕ್ಕ. "ಏನ್ ಆಚಾರ್ರೆ, ಒಳಗಿಂದ ತಕ್ಕಡಿ ಮಾತಾಡ್ತೈತೆ!"

ಮಾವಯ್ಯ ನಗಲಿಲ್ಲ. ತಕ್ಕಡಿ ಎತ್ತಿಸಿ ಅವನನ್ನು ಕಳಿಸಿದರು. ಆಮೇಲೆ ಆ ಉಪಕರಣಗಳನ್ನು ಒಂದೊಂದಾಗಿ, ಬೇಕಾದವರನ್ನು ಹುಡುಕಿ ಮಾರಿದೆವು. ವಿಷಯ ಹರಡಿತು. ಬಸ್ ಗ್ಯಾರೇಜಿನ ಒಬ್ಬ ಮೆಕ್ಯಾನಿಕ್ ತೀರಿಕೊಂಡಾಗ ಅವನ ಹೆಂಡತಿ ನನ್ನನ್ನು ಕರೆಸಿದಳು. ಅಲ್ಲಿಂದ ಕೆಲಸ ನಿಲ್ಲಲಿಲ್ಲ. ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ ನಾನು ಆಚಾರಮ್ಮ.

ನೋಡುವುದು ಹೇಗೆ ಎಂದು ಕೇಳಿದ್ದೆಯಲ್ಲ. ನಾನು ಒಳಮನೆಯ ಹೊಸ್ತಿಲ ಬಳಿ ಕೂರುತ್ತಿದ್ದೆ. ಹೊರಗಿನಿಂದ ಗಂಡಸರು ಸಾಮಾನನ್ನು ಗೋಣಿಯ ಮೇಲೆ ಹರಡಿ ನನ್ನ ಕಡೆಗೆ ತಳ್ಳುತ್ತಿದ್ದರು. ನಾನು ಮೊದಲು ನೋಡುತ್ತಿದ್ದುದು ಕುಂಕುಮ. ಪ್ರತಿ ಆಯುಧಪೂಜೆಗೆ ಉಪಕರಣಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ದಿನವೂ ಕೈಗೆ ಬರುವ ಉಪಕರಣದ ಮೇಲೆ ಅದು ನಿಲ್ಲುವುದಿಲ್ಲ, ಎಣ್ಣೆ ಬಟ್ಟೆಗೆ ಹೋಗುತ್ತದೆ. ಯಾರೂ ಮುಟ್ಟದ್ದರ ಮೇಲೆ ವರ್ಷ ವರ್ಷವೂ ಪದರ ಕೂರುತ್ತದೆ, ಕೊನೆಗೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಪದರ ದಪ್ಪವಿದ್ದರೆ ಸತ್ತವನು ಅದನ್ನು ಬಳಸಲಿಲ್ಲ ಎಂದು ಅರ್ಥ. ಯಾಕೆ ಬಳಸಲಿಲ್ಲ ಎಂದು ಹೆಂಡತಿಯನ್ನು ಕೇಳಬೇಕು. ತುಂಬ ಒಳ್ಳೆಯದೆಂದು ಎತ್ತಿಟ್ಟಿದ್ದನೋ, ತಂದ ದಿನವೇ ಕೆಟ್ಟದೆಂದು ಮೂಲೆಗೆ ಎಸೆದಿದ್ದನೋ. ಹೆಂಗಸರಿಗೆ ಉಪಕರಣದ ಹೆಸರು ಗೊತ್ತಿಲ್ಲದಿದ್ದರೂ ಇದು ಗೊತ್ತಿರುತ್ತಿತ್ತು. "ಅದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ರು" ಎಂದರೆ ಒಳ್ಳೆಯದು. "ಅದನ್ನ ಕೊಟ್ಟೋನಿಗೆ ದಿನಾ ಶಾಪ ಹಾಕ್ತಿದ್ರು" ಎಂದರೆ ಪಕ್ಕಕ್ಕೆ ಇಡುತ್ತಿದ್ದೆ.

ಇನ್ನೊಂದು ವಿಷಯ, ಸಾಮಾನನ್ನು ತೋರಿಸುವ ಮುಂಚೆ ತೊಳೆಯಬೇಡಿ ಎಂದು ಮೊದಲೇ ಹೇಳಿ ಕಳಿಸಬೇಕು. ಕೊರಟಗೆರೆಯ ಒಂದು ಮನೆಯಲ್ಲಿ ವರ್ನಿಯರ್ ಇದೆ ಎಂದು ಕರೆದರು. ಅದರ ಮೇಲೆ ಅಳತೆಯ ಸೂಕ್ಷ್ಮವಾದ ಗೆರೆಗಳಿರುತ್ತವೆ, ಗೆರೆಗಳೇ ಅದರ ಜೀವ. ಮನೆಯ ಸೊಸೆ ಅದನ್ನು ತಟ್ಟೆಯಲ್ಲಿಟ್ಟು ತಂದಳು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೆರೆ ಒಂದೂ ಇರಲಿಲ್ಲ.

"ಹೆಂಗೆ ಪಳಪಳ ಅಂತೈತೆ ನೋಡಿ ಆಚಾರಮ್ಮ. ಹುಣಿಸೇಹಣ್ಣು, ಇಟ್ಟಿಗೆ ಪುಡಿ ಹಾಕಿ ಕೈ ನೋಯೋವರ್ಗೂ ತಿಕ್ಕಿವ್ನಿ" ಎಂದಳು.

ಅವಳ ಅತ್ತೆ ಪಕ್ಕದಿಂದ, "ತಿಕ್ಕು ಅಂದೋಳು ನಾನೇ ಕಣಮ್ಮ. ನೋಡೋಕೆ ಬತ್ತಾರೆ, ಚೆಂದಾಗಿರ್ಲಿ ಅಂತ. ಹೆಣ್ಣು ನೋಡೋಕೆ ಬಂದ್ರೆ ಮುಖ ತೊಳ್ಸಲ್ವಾ?" ಎಂದರು.

ಏನು ಹೇಳಲಿ? ಬೆಲೆ ಹೋಯಿತು ಎಂದರೆ ಸೊಸೆಯ ಮೇಲೆ ಬರುತ್ತದೆ. ಇದಕ್ಕೆ ಬಡಗಿಯನ್ನು ಹುಡುಕುತ್ತೇನೆ ಎಂದೆ. ಒಬ್ಬ ಬಡಗಿ ತೂತಿನ ಆಳಕ್ಕೆ ಹಾಕಿ ನೋಡಲು ಅದನ್ನು ಕೊಂಡ. ಹೊಳೆಯುತ್ತಿದೆ ಎಂದು ಅವನಿಗೂ ಸಂತೋಷವಾಯಿತು.

ನನ್ನ ಮೇಲಧಿಕಾರಿ ಎಂದರೆ ಮಾವಯ್ಯ. ನಾನು ನೋಡುವುದು, ಒಳಗೆ ಅವರ ಕಿವಿಯಲ್ಲಿ ಬೆಲೆ ಹೇಳುವುದು, ಅವರು ಹೊರಗೆ ಹೋಗಿ ವ್ಯಾಪಾರ ಮಾಡುವುದು. ಆಗ ನಮ್ಮ ಕಡೆ ಹಳೆಯ ಕಬ್ಬಿಣದ ವ್ಯಾಪಾರವೂ ದನದ ಜಾತ್ರೆಯ ರೀತಿಯಲ್ಲೇ ನಡೆಯುತ್ತಿತ್ತು. ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲಿನ ಅಡಿಯಲ್ಲಿ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ತಿಳಿಸಬೇಕು. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಸಾಮಾನಿನ ವಾರಸುದಾರರೇ ಪಕ್ಕದಲ್ಲಿ ನಿಂತಿದ್ದರೂ ಎಷ್ಟಕ್ಕೆ ಕುದುರಿತು ಎಂದು ಅವರಿಗೆ ಆಮೇಲೆ ತಿಳಿಯುತ್ತಿತ್ತು. ತಿಳಿದ ಮೇಲೆ ಅನುಮಾನ. ಅಣ್ಣ ಇಷ್ಟು ಎಂದ, ಆದರೆ ಟವೆಲಿನಲ್ಲಿ ಎಷ್ಟಿತ್ತೋ ಎಂದು ತಮ್ಮಂದಿರು ಎಷ್ಟೋ ಕಾಲ ಕೊರಗುತ್ತಿದ್ದರು.

ಮಾವಯ್ಯನಿಗೆ ವಯಸ್ಸಾಗಿ ಬಲಗೈ ನಡುಗಲು ಶುರುವಾಯಿತು. ಅದು ಸುತ್ತಿಗೆ ಹಿಡಿದ ಕೈ. ಉಣ್ಣುವಾಗ ತುತ್ತು ಚೆಲ್ಲುತ್ತಿತ್ತು, ನೋಡಿಯೂ ನೋಡದ ಹಾಗಿರುತ್ತಿದ್ದೆ. ಒಂದು ದಿನ ತುಮಕೂರಿನ ವ್ಯಾಪಾರಿಯೊಬ್ಬರು ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ದೊಡ್ಡ ಬೆಂಚ್ ವೈಸ್ ಕೊಳ್ಳಲು ಬಂದರು. ಟವೆಲ್ ಹಾಕಿ ಇಬ್ಬರೂ ಕೈ ಸೇರಿಸಿದರು. ವ್ಯಾಪಾರಿ ಹುಬ್ಬು ಗಂಟಿಕ್ಕಿದರು, ಮತ್ತೆ ಸಡಿಲಿಸಿದರು, ಮತ್ತೆ ಗಂಟಿಕ್ಕಿದರು.

"ಏನ್ರೀ ಆಚಾರ್ರೆ, ಬೆರಳು ಕೊಡ್ತಿದ್ದೀರೋ, ತಬಲ ಬಾರಿಸ್ತಿದ್ದೀರೋ?"

"ಮೂರು ಕೊಟ್ಟೆ ಕಣಯ್ಯ!"

"ನಂಗೆ ನಾಕು ಬಂತು, ಆಮೇಲೆ ಎರಡು ಬಂತು. ಯಾವುದನ್ನ ಹಿಡೀಲಿ?"

ನೆರೆದವರು ನಕ್ಕರು. ಮಾವಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಆವತ್ತು ವ್ಯಾಪಾರ ಆಗಲಿಲ್ಲ. ಮನೆಗೆ ಬಂದು ಚೊಂಬು ನೀರು ಕುಡಿದು, "ಇನ್ಮೇಲೆ ನೀನೇ ಹೇಳು" ಎಂದರು.

"ನಾನಾ ಮಾವಯ್ಯ?"

"ನೀನಲ್ದೆ ಇನ್ನಾರು? ನಿನ್ನ ಕೈ ಅವರು ಹಿಡಿಯಂಗಿಲ್ಲ. ಬಾಯ್ಬುಟ್ಟು ಹೇಳು."

ಹೀಗೆ ನಮ್ಮ ಪದ್ಧತಿ ಬದಲಾಯಿತು. ದೊಡ್ಡ ವಿಚಾರ ಮಾಡಿ ಬದಲಾಯಿಸಿದ್ದಲ್ಲ. ಗಂಡಸಿನ ಕೈ ನಡುಗಿತು, ಹೆಂಗಸಿನ ಕೈ ಹಿಡಿಯುವಂತಿಲ್ಲ, ಬಾಯಿ ಮಾತ್ರ ಉಳಿದಿತ್ತು. ಮೊದಮೊದಲು ನನ್ನ ದನಿ ಹೊಸ್ತಿಲು ದಾಟುತ್ತಿರಲಿಲ್ಲ. ಮಾವಯ್ಯ, "ಜೋರಾಗಿ, ಇಲ್ಲಿಗೆ ಕೇಳಿಸ್ಲಿ" ಎಂದು ಹೊರಗಿನಿಂದ ಗದರುತ್ತಿದ್ದರು. ಎಲ್ಲರ ಎದುರು ಹೇಳಿದ ಬೆಲೆ ಎಲ್ಲ ವಾರಸುದಾರರ ಕಿವಿಗೂ ಒಟ್ಟಿಗೆ ಬೀಳುತ್ತಿತ್ತು. ದಲ್ಲಾಳಿಗಳಿಗೆ ಇದು ಹಿಡಿಸಲಿಲ್ಲ. ಕೆಲವರು ಬರುವುದನ್ನು ಬಿಟ್ಟರು, ಕೆಲವರು ಗೊಣಗಿಕೊಂಡು ಬಂದರು. ಅಷ್ಟರಲ್ಲಿ ನಯಾಪೈಸೆ ಬಂದಿತ್ತು, ಆಮೇಲೆ ಕಿಲೋ ತೂಕವೂ ಬಂತು. ಎಲ್ಲರೂ ಏನನ್ನಾದರೂ ಹೊಸದಾಗಿ ಕಲಿಯುತ್ತಿದ್ದರು. ಇದೂ ಅದರೊಳಗೆ ಸೇರಿಹೋಯಿತು.

ಇನ್ನು ಶಿರಾದ ಕೆಲಸದ ವಿಷಯ. ನೀವು ಈ ಕಸುಬಿಗೆ ಇಳಿಯುವವರಾದ್ದರಿಂದ ಇದನ್ನು ಪೂರ್ತಿ ಬರೆಯುತ್ತೇನೆ.

ಅರವತ್ತರ ದಶಕದ ಮಧ್ಯದ ಮಾತು. ಶಿರಾದಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದರು. ಸುತ್ತಲ ಹಳ್ಳಿಗಳ ನೀರೆತ್ತುವ ಎಂಜಿನ್ನುಗಳೆಲ್ಲ ಅವರ ಕೈಯಲ್ಲೇ ರಿಪೇರಿ ಆಗಬೇಕು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಮೂರು ಗಂಡು ಮಕ್ಕಳು, ಒಬ್ಬಳು ಹೆಣ್ಣು ಮಗಳು. ಗಂಡು ಮಕ್ಕಳು ಯಾರೂ ಮಿಸ್ತ್ರಿ ಕೆಲಸ ಕಲಿಯಲಿಲ್ಲ. ಕೈ ಕಪ್ಪಾಗುವ ಕೆಲಸ ನನ್ನೊಂದಿಗೇ ಮುಗಿಯಲಿ ಎಂದು ಅಪ್ಪನೇ ಬಿಡಲಿಲ್ಲವಂತೆ. ಹಿರಿಯರು ಖಾದರ್ ಸಾಬರು, ಬಟ್ಟೆ ಅಂಗಡಿ. ಎರಡನೆಯವರು ಬಾಷಾ, ಅಣ್ಣನ ಅಂಗಡಿಯಲ್ಲೇ ಇದ್ದರು. ಕಿರಿಯವನು ರಶೀದ್, ಪಾವಗಡದ ಬಸ್ ಸ್ಟ್ಯಾಂಡಿನ ಹತ್ತಿರ ಚಾ ಹೋಟೆಲ್ ಇಟ್ಟುಕೊಂಡಿದ್ದ. ಮಗಳು ಜೈತುನ್‌ಬಿ, ರಶೀದನಿಗಿಂತ ದೊಡ್ಡವಳು. ಅವಳ ಗಂಡ ದಸ್ತಗೀರ್ ಮಿಸ್ತ್ರಿಯ ಬಳಿಯೇ ಕೆಲಸ ಕಲಿತವರು. ಮಾವನ ಕಾರ್ಖಾನೆಯನ್ನು ಅವರೇ ನಡೆಸುತ್ತಿದ್ದರು. ಕಾರ್ಖಾನೆ ಎಂದರೆ ಮನೆಯ ಮುಂದಿನ ಒಂದು ಶೆಡ್ಡು.

ಜೈತುನ್‌ಬಿ ನನ್ನನ್ನು ಕರೆಸಿದಳು. ಮಾವಯ್ಯನೂ ಜೊತೆಗೆ ಬಂದರು. ಅವಳು ಒಳಮನೆಯಲ್ಲಿ ಕೂರಿಸಿ, ಚಾ ಕೊಟ್ಟು, ನೇರವಾಗಿ ವಿಷಯಕ್ಕೆ ಬಂದಳು.

"ಅಕ್ಕ, ಅಬ್ಬಾ ಹತ್ರ ಒಂದು ವಿಲಾಯತಿ ಟ್ಯಾಪ್ ಸೆಟ್ ಇತ್ತು. ಅದು ಸಿಕ್ಕರೆ ನಾವು ಇಲ್ಲೇ ಇರ್ತೀವಿ. ಸಿಗಲಿಲ್ಲ ಅಂದ್ರೆ ಇವರು ದಾವಣಗೆರೆ ಕಡೆ ಹತ್ತಿ ಗಿರಣಿಗೆ ಹೋಗ್ತಾರೆ. ಬಾ ಅಂದವ್ರೆ ಅಲ್ಲಿಂದ. ಶೆಡ್ಡಿಗೆ ಬೀಗ ಹಾಕಬೇಕು. ಅಬ್ಬಾ ಕೂತ ಜಾಗ ಅದು."

ಟ್ಯಾಪ್ ಎಂದರೆ ಏನೆಂದು ನಿಮಗೆ ಗೊತ್ತು. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಕಬ್ಬಿಣದಲ್ಲಿ ತೂತು ಕೊರೆದು, ಆ ತೂತಿನ ಒಳಗೋಡೆಗೆ ತಿರುಪಿನ ಸುತ್ತು ಕೊರೆಯುವ ಉಪಕರಣ. ಸುತ್ತು ಇದ್ದರೆ ಬೋಲ್ಟು ಹಿಡಿಯುತ್ತದೆ. ಈ ಸುತ್ತನ್ನು ಶಿರಾದವರು ಚೂಡಿ ಎನ್ನುತ್ತಿದ್ದರು. ಹಳೆಯ ಎಂಜಿನ್ನಿನಲ್ಲಿ ಸವೆಯುವುದೇ ಚೂಡಿ. ಅದನ್ನು ಹೊಸದಾಗಿ ಕೊರೆಯದೆ ರಿಪೇರಿ ಇಲ್ಲ. ಆಗ ವಿಲಾಯತಿ ಸೆಟ್ಟು ಹೊಸದಾಗಿ ಸಿಗುತ್ತಿರಲಿಲ್ಲ. ದಸ್ತಗೀರ್ ತುಮಕೂರಿನಿಂದ ಎರವಲು ತಂದು ಕೆಲಸ ಮಾಡುತ್ತಿದ್ದರು, ಅಲ್ಲಿಯವರೂ ಈಚೆಗೆ ಕೊಡುವುದನ್ನು ನಿಲ್ಲಿಸಿದ್ದರು.

"ನಿಮ್ಮಪ್ಪನ ಸೆಟ್ಟು ಎಲ್ಲಿದೆ?" ಎಂದು ಕೇಳಿದೆ.

"ಪಾಲಾಯ್ತು" ಎಂದಳು.

ಪಾಲಾದ ರೀತಿಯನ್ನು ಅವಳು ಹೇಳಿದಾಗ ನಾನು ಚಾದ ಲೋಟ ಕೆಳಗಿಟ್ಟೆ. ಸೆಟ್ಟಿನ ಪೆಟ್ಟಿಗೆಯಲ್ಲಿ ಟ್ಯಾಪುಗಳು ಮೂರು ಸಾಲಾಗಿ ಮಲಗಿದ್ದವು, ಚಿಕ್ಕದರಿಂದ ದೊಡ್ಡದರವರೆಗೆ. ಮೂರು ಸಾಲು, ಮೂವರು ಗಂಡು ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಟ್ಯಾಪನ್ನು ಸಿಕ್ಕಿಸಿ ತಿರುಗಿಸುವ ಹ್ಯಾಂಡಲ್ ಒಂದು ಉಳಿಯಿತು. ಅವರಲ್ಲಿ ಹೆಣ್ಣು ಮಗಳಿಗೆ ಗಂಡಿನ ಅರ್ಧ ಪಾಲು ಬರಬೇಕು, ಆ ಹ್ಯಾಂಡಲ್ ಅವಳಿಗೆ. ಜಗಳವಿಲ್ಲದೆ, ಧರ್ಮಕ್ಕೆ ತಕ್ಕ ಹಾಗೆ, ಬಹಳ ನ್ಯಾಯವಾಗಿ ಹಂಚಿದ್ದರು.

ಆ ಮೂರು ಸಾಲು ಮೂರು ಸೆಟ್ಟಲ್ಲ. ಒಂದೇ ಅಳತೆಗೆ ಮೂರು ಟ್ಯಾಪು ಬೇಕು. ಮೊದಲನೆಯದರ ತುದಿ ಇಳಿಜಾರಾಗಿರುತ್ತದೆ, ತೂತಿಗೆ ಇಳಿದು ದಾರಿ ಮಾಡುತ್ತದೆ. ಎರಡನೆಯದು ಸುತ್ತನ್ನು ಆಳ ಮಾಡುತ್ತದೆ. ಮೂರನೆಯದಕ್ಕೆ ತುದಿಯವರೆಗೂ ಪೂರ್ತಿ ಹಲ್ಲು, ಅದು ತೂತಿನ ತಳದವರೆಗೆ ಮುಗಿಸುತ್ತದೆ. ಒಂದಿಲ್ಲದೆ ಇನ್ನೊಂದಿಲ್ಲ.

"ದಸ್ತಗೀರ್ ಹೇಳಲಿಲ್ಲವೇ?"

"ಹೇಳಿದ್ರು. ಅಳಿಯ ಪೂರ್ತಿ ಸೆಟ್ಟು ಹೊಡ್ಕೊಳ್ಳೋಕೆ ಕಥೆ ಕಟ್ತಾನೆ ಅಂದ್ರು. ಆಮೇಲೆ ಇವರು ಬಾಯಿ ಮುಚ್ಚಿಕೊಂಡ್ರು. ನೀವು ಹೊರಗಿನೋರು. ನೀವು ಬೆಲೆ ಕಟ್ಟಿ. ಎಷ್ಟಾದ್ರೂ ಸರಿ, ಬಳೆ ಬಿಚ್ಚಿ ಕೊಟ್ಟು ಮೂರೂ ಸಾಲು ನಾನೇ ತಗೋತೀನಿ."

ಖಾದರ್ ಸಾಬರ ಮನೆಗೆ ಹೋದೆವು. ಪೆಟ್ಟಿಗೆಯೂ ಅವರ ಪಾಲಿಗೆ ಬಂದಿತ್ತು. ಹಸಿರು ಬಟ್ಟೆಯ ಮೇಲೆ ಎರಡು ಸಾಲು ಗುಳಿ ಖಾಲಿ, ಒಂದು ಸಾಲು ಭರ್ತಿ. ಹಿರಿಯರೆಂದು ಮೊದಲು ಆರಿಸಿಕೊಂಡಿದ್ದರು. ತುದಿಯವರೆಗೂ ಹಲ್ಲಿರುವ ಸಾಲು ನೋಡಲು ಹೊಸದಾಗಿ ಕಾಣುತ್ತದೆ, ಅದನ್ನೇ ತೆಗೆದುಕೊಂಡಿದ್ದರು. ಬಾಷಾ ನಡುವಿನ ಸಾಲನ್ನು ಕರವಸ್ತ್ರದಲ್ಲಿ ಕಟ್ಟಿ ತಂದರು. ನಾನು ಬಾಗಿಲ ಪಕ್ಕ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಈ ಮನೆಯಲ್ಲಿ ಕುಂಕುಮದ ಗುರುತಿಲ್ಲ, ಎಣ್ಣೆಯೇ ಗುರುತು. ಮಿಸ್ತ್ರಿ ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದರು.

"ಹೇಳಿ ಆಚಾರಮ್ಮ, ನನ್ನ ಸಾಲಿಗೆ ಏನು ಬೆಲೆ?" ಎಂದರು ಖಾದರ್ ಸಾಬರು.

"ಈ ಸಾಲು ಒಂದೇ ಆದರೆ ಕಬ್ಬಿಣದ ಬೆಲೆ" ಎಂದೆ.

"ನನ್ನದು?" ಎಂದರು ಬಾಷಾ.

"ಅದಕ್ಕೂ ಅಷ್ಟೇ. ಮೂರೂ ಸೇರಿದರೆ ಒಂದು ಜೋಡಿ ಎತ್ತಿನ ಬೆಲೆ."

ಖಾದರ್ ಸಾಬರು ಮಾವಯ್ಯನ ಕಡೆ ತಿರುಗಿದರು. "ಏನ್ ಸ್ವಾಮಿ, ಜೈತುನ್ ಹೇಳಿಕೊಟ್ಟಳಾ ನಿಮ್ಮ ಸೊಸೆಗೆ?"

"ಹೇಳಿಕೊಟ್ಟಳಾ?" ಎಂದರು ಬಾಷಾ.

ಮಾವಯ್ಯ, "ನನ್ನ ಸೊಸೆಗೆ ಹೇಳ್ಕೊಡೋಕೆ ಹೋಗಿ ನಾನೇ ಸೋತಿವ್ನಿ ಸಾಬ್ರೆ" ಎಂದರು.

ನಾನು ಕೈಯಲ್ಲಿದ್ದ ಟ್ಯಾಪನ್ನು ಅದರ ಜಾಗಕ್ಕೆ ಮರಳಿ ಇಟ್ಟೆ. ನಮ್ಮ ಕೆಲಸದಲ್ಲಿ ಬೆಲೆ ಒಮ್ಮೆ ಹೇಳಬೇಕು, ಸಮರ್ಥಿಸಲು ಹೋಗಬಾರದು. ಖಾದರ್ ಸಾಬರು ಪೆಟ್ಟಿಗೆಯ ಖಾಲಿ ಗುಳಿಗಳ ಮೇಲೆ ಬೆರಳಾಡಿಸಿದರು. ಕೊನೆಗೆ, "ಕಿರಿಯವನು ಕೊಟ್ಟರೆ ನಾವೂ ಕೊಡ್ತೀವಿ. ಅವನು ಕೊಡಲ್ಲ, ನಮ್ಮ ಮನೆಗೆ ಕಾಲಿಡಲ್ಲ" ಎಂದರು.

ಯಾಕೆ ಎಂದು ನಾನು ಕೇಳಲಿಲ್ಲ. ವಾಪಸು ಬರುವ ದಾರಿಯಲ್ಲಿ ಜೈತುನ್‌ಬಿಯೇ ಹೇಳಿದಳು. ಪಾಲಾದ ದಿನದಿಂದ ರಶೀದ್ ಯಾರ ಜೊತೆಗೂ ಮಾತಾಡಿರಲಿಲ್ಲ. ಸವೆದದ್ದನ್ನು ನನ್ನ ತಲೆಗೆ ಕಟ್ಟಿದರು ಎಂಬುದು ಅವನ ಸಿಟ್ಟು. ಮೂವರಲ್ಲಿ ಮಿಸ್ತ್ರಿ ಕೆಲಸದ ಆಸೆ ಇದ್ದವನು ಅವನೊಬ್ಬನೇ. ಅಪ್ಪ ಬದುಕಿದ್ದಾಗ ಶೆಡ್ಡಿನೊಳಗೆ ಬಿಡಲಿಲ್ಲ, ಸತ್ತ ಮೇಲೆ ಅಣ್ಣಂದಿರು ಹೀಗೆ ಮಾಡಿದರು ಎಂದು ಶಿರಾವನ್ನೇ ಬಿಟ್ಟಿದ್ದ.

ಮಾರನೆಯ ದಿನ ಮಾವಯ್ಯನನ್ನು ದಸ್ತಗೀರರ ಜೊತೆ ಬಿಟ್ಟು ನಾವಿಬ್ಬರೇ ಪಾವಗಡದ ಬಸ್ಸು ಹತ್ತಿದೆವು. ಜೈತುನ್‌ಬಿ ಬುರ್ಖಾದ ಒಳಗೆ ತನ್ನ ಪಾಲಿನ ಹ್ಯಾಂಡಲನ್ನು ಇಟ್ಟುಕೊಂಡಿದ್ದಳು. ನಾನು ದಸ್ತಗೀರರಿಂದ ತೂತು ಕೊರೆದ ಒಂದು ಕಬ್ಬಿಣದ ತುಂಡನ್ನು ಕೇಳಿ ತಂದಿದ್ದೆ. ಬಸ್ಸು ನಡುವೆ ಆಂಧ್ರದ ಊರುಗಳನ್ನು ಹಾದು ಹೋಗುತ್ತದೆ. ಕಿಟಕಿಯ ಆಚೆ ಬಂಡೆ, ಕಡಲೆಕಾಯಿ ಹೊಲ, ಮತ್ತೆ ಬಂಡೆ.

ರಶೀದ್ ಒಲೆಯ ಮುಂದೆ ನಿಂತಿದ್ದ. ಒಬ್ಬ ಗಿರಾಕಿ, "ಏಮಪ್ಪಾ ರಶೀದು, ರೆಂಡು ಟೀ ಇವ್ವು" ಎಂದು ತೆಲುಗಿನಲ್ಲಿ ಎರಡು ಚಾ ಕೇಳುತ್ತಿದ್ದ. ಇವನು "ಇಸ್ತಾ ಉನ್ನಾ", ಕೊಡುತ್ತಿದ್ದೇನೆ, ಎಂದು ತಿರುಗಿದವನು ಅಕ್ಕನನ್ನು ಕಂಡು ಸೋಸುವ ಬಟ್ಟೆ ಹಿಡಿದುಕೊಂಡೇ ನಿಂತ.

"ಆಪಾ, ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನಿನ್ನ ಸಾಲು ತಗೊಂಡು ಬಾ. ಇವರು ಮಧುಗಿರಿಯೋರು, ಬೆಲೆ ಕಟ್ಟೋರು."

"ಸವೆದದ್ದಕ್ಕೆ ಬೆಲೆ ಕಟ್ಟೋಕೆ ಮಧುಗಿರಿಯಿಂದ ಬರಬೇಕಾ? ಇಲ್ಲೇ ಗುಜರಿಯೋನು ಅವ್ನೆ" ಎಂದ. ಆದರೂ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದ. ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಬಟ್ಟೆ. ಕೆಟ್ಟದ್ದೆಂದು ಬಯ್ಯುವವನು ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ.

ನಾನು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಪರಿಚಿತ ಗಂಡಸಿನ ಜೊತೆ ಎದುರು ಕೂತು ಮಾತಾಡುವುದು ನನಗೆ ಆಗದು. ಜೈತುನ್‌ಬಿಯ ಮುಖ ನೋಡಿಕೊಂಡು ಅವನಿಗೆ ಹೇಳಿದೆ.

"ನೋಡಮ್ಮ, ಚಿಕ್ಕ ಟ್ಯಾಪು ಹೆಚ್ಚು ಕೆಲಸ ಮಾಡುತ್ತೆ, ದೊಡ್ಡದು ಅಪರೂಪಕ್ಕೆ. ಸವೆದಿದ್ದರೆ ಒಂದು ಹೆಚ್ಚು, ಒಂದು ಕಡಿಮೆ ಸವೆಯಬೇಕು. ಇಲ್ಲಿ ಎಲ್ಲದರ ತುದಿಯೂ ಒಂದೇ ಥರ ಇಳಿದಿದೆ. ಸವೆತ ಇಷ್ಟು ಲೆಕ್ಕವಾಗಿ ಆಗಲ್ಲ. ಮಾಡಿದವರೇ ಹೀಗೆ ಮಾಡಿದ್ದಾರೆ."

ಅವನು ಒಂದನ್ನು ಎತ್ತಿಕೊಂಡ. ಇನ್ನೊಂದನ್ನು ಎತ್ತಿ ಪಕ್ಕಕ್ಕೆ ಹಿಡಿದ. ಜೈತುನ್‌ಬಿ ಹ್ಯಾಂಡಲನ್ನು ತೆಗೆದು ಮೇಜಿನ ಮೇಲಿಟ್ಟಳು. ನಾನು ಕಬ್ಬಿಣದ ತುಂಡನ್ನು ಇಟ್ಟೆ.

"ಎಣ್ಣೆ ಹಾಕಿ ತಿರುಗಿಸು ಅನ್ನಮ್ಮ. ಒಂದು ಸುತ್ತು ಮುಂದಕ್ಕೆ, ಅರ್ಧ ಹಿಂದಕ್ಕೆ."

ಅವನು ತುಂಡನ್ನು ಪಾದದ ಅಡಿಗೆ ಹಾಕಿ ಒತ್ತಿ ಹಿಡಿದ. ಹ್ಯಾಂಡಲಿಗೆ ಸಿಕ್ಕಿಸಿದ ಟ್ಯಾಪು ಮೊದಲು ಜಾರಿತು. ಅಳತೆಯನ್ನು ಬದಲಾಯಿಸಿ ನಾನು ಬೇರೆಯದನ್ನು ಕೊಟ್ಟೆ. ಈ ಸಲ ಕಚ್ಚಿತು. ಕಬ್ಬಿಣದ ಸಣ್ಣ ಸುರುಳಿ ಹೊರಗೆ ಬಂತು. ಇಬ್ಬರು ಗಿರಾಕಿಗಳು ಚಾ ಕೇಳಿ, ಸಿಗದೆ, ತಾವೇ ಸುರಿದುಕೊಂಡು ಕುಡಿದು ಹೋದರು. ಅವನು ಟ್ಯಾಪನ್ನು ಬಿಚ್ಚಿ, ತೂತಿನೊಳಗೆ ಬೆರಳು ಹಾಕಿ ನೋಡಿದ.

"ಇದಿಲ್ದೆ ಅವರಿಬ್ಬರ ಸಾಲು?"

"ಶುರುವಾಗಲ್ಲ" ಎಂದೆ. ಈ ಸಲ ಅವನಿಗೇ ಹೇಳಿದೆ.

"ಭಾಯಿಜಾನ್‌ದೂ ಶುರುವಾಗಲ್ವಾ?" ಎಂದು ಹಿರಿಯಣ್ಣನ ಸಾಲನ್ನು ಕೇಳಿದ.

"ಯಾರದ್ದೂ ಆಗಲ್ಲ."

ಅವನು ಆ ಕಬ್ಬಿಣದ ಸುರುಳಿಯನ್ನು ಎತ್ತಿ ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಜೈತುನ್‌ಬಿ ಕಾಯಲಾರದೆ, "ಹೇಳು ರಶೀದ್, ಎಷ್ಟು ಕೊಡಲಿ?" ಎಂದಳು.

"ಮಾರಲ್ಲ."

"ಅರೆ, ಇಷ್ಟು ಹೊತ್ತು ಸವೆದದ್ದು ಅಂತಿದ್ದೆ?"

"ಸವೆದದ್ದಾಗಿದ್ರೆ ಮಾರ್ತಿದ್ದೆ. ಮೊದಲನೇದು ನಂದು ಅಂತ ಈಗ ಗೊತ್ತಾಯ್ತು. ಮಾರಲ್ಲ ಆಪಾ."

ಅವಳು ಎಷ್ಟು ಕೇಳಿಕೊಂಡರೂ ಅದೇ ಮಾತು. ಟ್ಯಾಪುಗಳನ್ನು ಒರೆಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ನಮಗೆ ಚಾ ಕೊಟ್ಟ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಕೊಟ್ಟ, ಸಾಲು ಕೊಡಲಿಲ್ಲ. ನಮ್ಮ ಕೆಲಸದಲ್ಲಿ ಇದು ಆಗುತ್ತದೆ. ವಸ್ತುವಿನ ನಿಜವಾದ ಬೆಲೆ ತಿಳಿದವನು ಅದನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೆಂದು ಬೆಲೆ ಮರೆಮಾಚಿದರೆ ಅದು ಬೇರೆ ವ್ಯಾಪಾರ.

ವಾಪಸು ಬರುವಾಗ ಜೈತುನ್‌ಬಿ, "ನೀವು ಹೇಳದೇ ಇದ್ದಿದ್ರೆ ಗುಜರಿ ಬೆಲೆಗೆ ಕೊಟ್ಟುಬಿಡ್ತಿದ್ದ ಅಕ್ಕ" ಎಂದಳು. ಸಿಟ್ಟಿನಿಂದ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಹೌದು ಎಂದೆ. ಅವಳು ಬುರ್ಖಾದ ಒಳಗೆ ಹ್ಯಾಂಡಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಮುಂದಿನ ತಿಂಗಳು ಶೆಡ್ಡಿಗೆ ಬೀಗ ಬೀಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಶಿರಾದಲ್ಲಿ ಖಾದರ್ ಸಾಬರಿಗೆ ಸುದ್ದಿ ಹೇಳಿ, ಮಾವಯ್ಯನೂ ನಾನೂ ಮಧುಗಿರಿಗೆ ಮರಳಿದೆವು. ಮಾರಾಟವಿಲ್ಲ, ಆದ್ದರಿಂದ ಮಾರಿದ್ದರಲ್ಲಿ ನಮಗೆ ಸಿಗುವ ಕೂಲಿಯೂ ಇಲ್ಲ.

ಆ ಮಳೆಗಾಲ ಕಳೆದ ಮೇಲೆ ತಾವರೆಕೆರೆಯ ಒಂದು ಮನೆಯಿಂದ ಕರೆ 	ಬಂತು. ಹಳೆಯ ಡ್ರಿಲ್ ಯಂತ್ರ ನೋಡುವುದಿತ್ತು. ಹೋಗುವಾಗ ಶಿರಾದಲ್ಲಿ ಬಸ್ಸು ಬದಲಾಯಿಸಬೇಕು. ಜೈತುನ್‌ಬಿ ಊರು ಬಿಟ್ಟಿರುತ್ತಾಳೆ ಎಂದುಕೊಂಡೇ ಆ ಬೀದಿಗೆ ಹೋದೆ. ದೂರದಿಂದಲೇ ಸುತ್ತಿಗೆಯ ಸದ್ದು ಕೇಳಿಸಿತು. ಶೆಡ್ಡು ತೆರೆದಿತ್ತು. ಎರಡು ಎಂಜಿನ್ನು ಬಿಚ್ಚಿ ಹಾಕಿದ್ದರು.

ಜೈತುನ್‌ಬಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ನಡುಮನೆಯ ಪರದೆಯ ಪಕ್ಕ ಕೂರಿಸಿದಳು. ಅಲ್ಲಿಂದ ಶೆಡ್ಡು ಕಾಣುತ್ತಿತ್ತು. ರಶೀದ್ ಬೆಂಚಿನ ಮುಂದೆ ನಿಂತು ಟ್ಯಾಪು ತಿರುಗಿಸುತ್ತಿದ್ದ. ಒಂದು ಸುತ್ತು ಮುಂದಕ್ಕೆ, ಅರ್ಧ ಹಿಂದಕ್ಕೆ. ಮುಗಿಸಿ, ಬಿಚ್ಚಿ, ಒರೆಸಿ, ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಹ್ಯಾಂಡಲನ್ನು ದಸ್ತಗೀರರಿಗೆ ಕೊಟ್ಟ. ಅವರು ಹಸಿರು ಬಟ್ಟೆಯ ಪೆಟ್ಟಿಗೆಯಿಂದ ಎರಡನೆಯದನ್ನು ತೆಗೆದು ಸಿಕ್ಕಿಸಿದರು. ಎರಡು ಸಾಲು ಅದರಲ್ಲೇ ಇದ್ದವು.

"ಭಾಯಿಜಾನ್ ಹತ್ರ ಎಷ್ಟಕ್ಕೆ ತಗೊಂಡೆ?" ಎಂದು ಕೇಳಿದೆ.

"ರಶೀದ್ ಬರೋಕೆ ಶುರುಮಾಡಿದ ಮೇಲೆ ಕೊಟ್ರು, ಕಬ್ಬಿಣದ ಬೆಲೆಗೆ. ಎಲ್ಲರ ಎದುರಿಗೆ ನೀವೇ ಹೇಳಿದ್ರಲ್ಲ, ಒಂದೊಂದೇ ಆದ್ರೆ ಅಷ್ಟೇ ಅಂತ. ಜಾಸ್ತಿ ಕೇಳೋಕೆ ಅವರಿಗೆ ಬಾಯಿ ಬರಲಿಲ್ಲ. ಬಾಷಾ ಭಾಯಿಗೂ ಬರಲಿಲ್ಲ" ಎಂದು ನಕ್ಕಳು.

"ಇವನು?"

"ಇವನು ಮಾರಲಿಲ್ಲ ಅಕ್ಕ, ಇವತ್ತಿಗೂ ಮಾರಿಲ್ಲ. ನೀವು ಬಂದು ಹೋದ ಮೇಲೆ ಒಂದು ದಿನ ಡಬ್ಬಿ ಹಿಡ್ಕೊಂಡು ಬಸ್ಸಿಳಿದ. ನಮ್ಮ ಜೊತೆ ಮಾತಿಲ್ಲ, ಸೀದಾ ಶೆಡ್ಡಿಗೆ ಹೋದ. ಇವರಿಗೆ, 'ತೂತು ಎಲ್ಲೈತೆ ತೋರಿಸು' ಅಂದ. ಮೊದಲನೇ ಸುತ್ತು ತಾನೇ ಕೊರೀಬೇಕಂತೆ, ಬೇರೆಯೋರು ಆ ಡಬ್ಬಿ ಮುಟ್ಟಬಾರದಂತೆ. ಇವರು ಸರಿ ಅಂದ್ರು. ಸಂಜೆ ಡಬ್ಬಿ ತಗೊಂಡು ಹೊರಟೋದ. ಮತ್ತೆ ಸಂತೆ ದಿವ್ಸ ಬಂದ."

"ಚಾ ಹೋಟೆಲ್ಲು?"

"ಅವನ ಹೆಂಡ್ತಿ ನೋಡ್ಕೋತಾಳೆ. ಇವನಿಗಿಂತ ಅವಳೇ ಚೆನ್ನಾಗಿ ನಡೆಸ್ತಾಳಂತೆ, ಪಾವಗಡದೋರು ಹೇಳ್ತಾರೆ."

ಹೊರಗೆ ದಸ್ತಗೀರ್ ಮೂರನೆಯ ಟ್ಯಾಪನ್ನೂ ಮುಗಿಸಿದರು. ಬೋಲ್ಟು ಹಾಕಿ ಬೆರಳಲ್ಲೇ ತಿರುಗಿಸಿದರು. ಅದು ತಳದವರೆಗೂ ಇಳಿದು ನಿಂತಿತು. ರಶೀದ್ ಅದನ್ನು ಬಿಚ್ಚಿ ತಾನೂ ಒಮ್ಮೆ ಹಾಕಿ ನೋಡಿದ. ಆಮೇಲೆ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಒಳಗಿನ ಕಡೆಗೆ "ಆಪಾ, ಬರ್ತೀನಿ" ಎಂದು ಕೂಗಿ ಬಸ್ಸಿಗೆ ಹೊರಟ.

"ಮುಂದಿನ ಸಲ ಯಾವತ್ತು ಬರಬೇಕು ಅಂತ ಹೇಳಿ ಕಳಿಸಲ್ವಾ?" ಎಂದು ಕೇಳಿದೆ.

"ಇಲ್ಲಕ್ಕ, ಬಾ ಅಂತ ನಾವು ಹೇಳೋದೇ ಇಲ್ಲ. ಹೇಳಿದ್ರೆ ಬಿಗುಮಾನ ಮಾಡ್ತಾನೆ. ತೂತು ಕೊರೆದು ಇಟ್ಟಿರ್ತೀವಿ. ಬರ್ತಾನೆ."